ಗಂಧದ ಕೊರಡು ಮತ್ತು ನೂರಕ್ಕೆ ಐದರ ಲೆಕ್ಕ

ಶ್ರೀಗಂಧವನ್ನು ಅರಿಯದ ಮನೆ ಕನ್ನಡನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ಪೂಜೆಯ ವೇಳೆಯಲ್ಲಿ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಕೊರಡನ್ನು ತೇದರೆ, ಬೆರಳ ತುದಿಗೆ ಬರುವಷ್ಟು ಗಂಧದಿಂದ ಮನೆಯೆಲ್ಲ ಪರಿಮಳಿಸುತ್ತದೆ. ತೇದಷ್ಟೂ ಪರಿಮಳವನ್ನೇ ಕೊಡುವ ಈ ಕೊರಡು ಸಜ್ಜನರ ಸ್ವಭಾವಕ್ಕೂ ಸತ್ಸಂಗಕ್ಕೂ ಉಪಮಾನವಾಗಿ ಬಂದದ್ದು ಸಹಜವೇ ಆಗಿದೆ. ಆದರೆ ಉಪಮಾನವಾಗಿ ನಿಂತ ಈ ವಸ್ತುವು ಹರಾಜುಕಟ್ಟೆಯ ಸರಕೂ ಆಗಿತ್ತು. ಒಂದು ರಾಜ್ಯದ ಬೊಕ್ಕಸಕ್ಕೆ ಅದು ದೊಡ್ಡ ಆಧಾರವಾಗಿತ್ತು. ೧೯೧೪ರಲ್ಲಿ ಆ ಸರಕನ್ನು ಕೊಳ್ಳುವವರೇ ಇಲ್ಲದಂತಾದಾಗ ಮೈಸೂರು ಸಂಸ್ಥಾನವು ಆ ಸಂಕಟವನ್ನು ದಾಟಿದ ಬಗೆ ಈಗ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ.

ಆ ಸಂಕಟವನ್ನು ಬಿಡಿಸಿದ್ದು ಯಾವುದೋ ಅಪೂರ್ವ ಸಿದ್ಧಾಂತವಲ್ಲ. ಅಡುಗೆಮನೆಯಲ್ಲಿ ಬೆಣ್ಣೆ ಕಾಯಿಸುವ ತಾಯಿಗೂ ತಿಳಿಯುವಂಥ ಒಂದು ಲೆಕ್ಕ. ಇಂಥ ತಿಳಿವಿಗೆ ‘ಸಾಮಾನ್ಯಜ್ಞಾನ’ ಎಂಬ ಹೆಸರುಂಟು. ಇಲ್ಲಿ ‘ಸಾಮಾನ್ಯ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿರುವುದನ್ನು ಗಮನಿಸಬೇಕು. ಎಲ್ಲರಿಗೂ ಸಮಾನವಾಗಿ ಸಲ್ಲುವಂಥದು ಎಂಬುದು ಒಂದು. ವಿಶೇಷವಿಲ್ಲದ್ದು, ಆದುದರಿಂದ ಲಕ್ಷ್ಯ ಕೊಡಬೇಕಾಗಿಲ್ಲದ್ದು ಎಂಬುದು ಇನ್ನೊಂದು. ವ್ಯವಹಾರದಲ್ಲಿ ನಷ್ಟ ಬರುವುದು ಬಹುಮಟ್ಟಿಗೆ ಮೊದಲನೆಯ ಅರ್ಥದ ತಿಳಿವನ್ನು ಎರಡನೆಯ ಅರ್ಥದಲ್ಲಿ ಕಾಣುವುದರಿಂದ. ಗಂಧದ ಕಥೆಯಲ್ಲಿ ಈ ತಿಳಿವು ಎರಡು ಸಲ ಕೈಹಿಡಿಯಿತು. ಮೂರನೆಯ ಸಲ ಅದನ್ನು ಯಾರೂ ಕರೆಯಲೇ ಇಲ್ಲ.

ಮೊದಲು ಮರದ ವಿಷಯ. ಗಂಧದ ಮರ ನೋಟಕ್ಕೆ ಅಂಥ ಭವ್ಯವಾದುದೇನೂ ಅಲ್ಲ. ಸಾಧಾರಣ ಎತ್ತರ, ಸಣ್ಣ ಎಲೆ, ಬಾಗಿದ ಕೊಂಬೆ. ಹಸಿಯಾದ ಎಲೆಯನ್ನಾಗಲಿ ತೊಗಟೆಯನ್ನಾಗಲಿ ಮೂಸಿದರೆ ಯಾವ ವಾಸನೆಯೂ ಬಾರದು. ಕಾಂಡದ ಹೊರಭಾಗದ ಬಿಳಿಯ ಮರವೂ ನಿರ್ಗಂಧವೇ. ಪರಿಮಳವಿರುವುದು ಒಳಗಿನ ಚೇಗಿನಲ್ಲಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೇರಿನಲ್ಲಿ. ಆ ಚೇಗಾದರೂ ಕಟ್ಟಲಾರಂಭಿಸುವುದಕ್ಕೆ ಹತ್ತಾರು ವರ್ಷ ಬೇಕು. ಬಲಿತು ತೂಕ ಬರುವುದಕ್ಕೆ ಮನುಷ್ಯನ ಅರ್ಧ ಆಯುಷ್ಯವೇ ಬೇಕು. ಬೇರಿನಲ್ಲಿ ಎಣ್ಣೆ ಹೆಚ್ಚಾಗಿರುವ ಕಾರಣ ಬಲಿತ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ತೆಗೆಯುತ್ತಾರೆ.

ಹಿಂದಿನವರು ಚೇಗನ್ನು ಬೇರ್ಪಡಿಸುತ್ತಿದ್ದ ಒಂದು ಕ್ರಮ ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ದಾಖಲಾಗಿದೆ. ಕಡಿದ ತುಂಡುಗಳನ್ನು ಎರಡು ತಿಂಗಳ ಕಾಲ ಒಣನೆಲದಲ್ಲಿ ಹೂತಿಡುವುದು. ಗೆದ್ದಲು ಬಂದು ಹೊರಗಿನ ಬಿಳಿಯ ಮರವನ್ನೆಲ್ಲ ತಿಂದುಹಾಕುತ್ತದೆ, ಎಣ್ಣೆಯಿರುವ ಚೇಗನ್ನು ಮುಟ್ಟುವುದಿಲ್ಲ. ಯಾವ ಬಡಗಿಯೂ ಅಷ್ಟು ಕರಾರುವಾಕ್ಕಾಗಿ ಕೆತ್ತಲಾರ, ಕೂಲಿಯೂ ಬೇಕಿಲ್ಲ. ಮರದ ಶತ್ರುವನ್ನೇ ಆಳಾಗಿ ದುಡಿಸಿಕೊಂಡ ಆ ಅಜ್ಞಾತ ಗಂಧದ ಕೆಲಸಗಾರನ ಹೆಸರು ಇತಿಹಾಸಕ್ಕೆ ತಿಳಿಯದು. ಸಾಮಾನ್ಯಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಟಿಪ್ಪು ಸುಲ್ತಾನನು ೧೭೯೨ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನು. ಎಲ್ಲಿ ಬೆಳೆದರೂ, ಯಾರ ಹೊಲದ ಬೇಲಿಯಲ್ಲಿ ಹುಟ್ಟಿದರೂ ಆ ಮರ ಅರಸನದು. ೧೭೯೯ರಲ್ಲಿ ಅರಸೊತ್ತಿಗೆ ಬದಲಾಯಿತು, ಈ ಕಟ್ಟಳೆ ಬದಲಾಗಲಿಲ್ಲ. ಒಡೆಯರ ಕಾಲದಲ್ಲಿ, ಕಮಿಷನರುಗಳ ಕಾಲದಲ್ಲಿ, ಮತ್ತೆ ಒಡೆಯರ ಕಾಲದಲ್ಲಿ ಅದೇ ಏಕಸ್ವಾಮ್ಯವು ಮುಂದುವರಿಯಿತು. ಕಾಡಿನಿಂದಲೂ ಹೊಲದಿಂದಲೂ ತೆಗೆದ ಮರವನ್ನು ಗಂಧದ ಕೋಠಿಗಳಿಗೆ ಸಾಗಿಸಿ, ಅಲ್ಲಿ ಹೊರಮರವನ್ನು ಕೆತ್ತಿ, ಕೊರಡು, ಬೇರು, ಚಕ್ಕೆ, ಪುಡಿ ಎಂದು ದರ್ಜೆವಾರು ವಿಂಗಡಿಸಿ, ವರ್ಷಕ್ಕೊಮ್ಮೆ ಹರಾಜು ಹಾಕುವುದು ಪದ್ಧತಿ. ಹಾಸನದಲ್ಲಿ ‘ಗಂಧದ ಕೋಠಿ’ ಎಂಬ ಹೆಸರು ಇಂದಿಗೂ ಸ್ಥಳನಾಮವಾಗಿ ಉಳಿದಿರುವುದು ಆ ಕಾಲದ ನೆನಪಾಗಿ.

ಹರಾಜಿನಲ್ಲಿ ಕೊಂಡ ಮರ ಹೋಗುತ್ತಿದ್ದುದೆಲ್ಲಿಗೆ? ಒಂದಿಷ್ಟು ದೇಶದೊಳಗಿನ ಪೂಜೆಗೆ, ಕೆತ್ತನೆಗೆ. ಒಂದಿಷ್ಟು ಚೀನಾದ ಧೂಪಕ್ಕೆ. ಆದರೆ ದೊಡ್ಡ ಪಾಲು ಹಡಗನ್ನೇರಿ ಯುರೋಪಿಗೆ, ಅದರಲ್ಲಿಯೂ ಜರ್ಮನಿಗೆ. ಸುಗಂಧತೈಲಗಳ ಬಟ್ಟಿಯಿಳಿಸುವಿಕೆಯಲ್ಲಿ ಜರ್ಮನಿಯ ರಸಾಯನತಜ್ಞರು ಆಗ ಜಗತ್ತಿಗೇ ಮುಂದಾಗಿದ್ದರು. ಲೈಪ್‌ಜಿಗ್ ನಗರದ ಬಳಿಯ ಮಿಲ್ಟಿಟ್ಸ್‌ನಲ್ಲಿ ಅಂಥ ಬಹುದೊಡ್ಡ ಕಾರ್ಖಾನೆಯಿತ್ತು. ಅಲ್ಲಿ ಮೈಸೂರಿನ ಮರದಿಂದ ಎಣ್ಣೆ ತೆಗೆದು, ಸುಗಂಧದ್ರವ್ಯ ತಯಾರಿಸುವವರಿಗೂ ಔಷಧ ತಯಾರಿಸುವವರಿಗೂ ಮಾರುತ್ತಿದ್ದರು. ಗಂಧದೆಣ್ಣೆಯು ಆ ದಿನಗಳಲ್ಲಿ ಯುರೋಪಿನ ಔಷಧಕೋಶಗಳಲ್ಲಿಯೂ ಸ್ಥಾನ ಪಡೆದಿತ್ತು.

ಈ ವ್ಯವಸ್ಥೆಯಲ್ಲಿ ಎಲ್ಲರೂ ತೃಪ್ತರಾಗಿದ್ದರು. ಮೈಸೂರಿನ ಅರಣ್ಯ ಇಲಾಖೆಯ ಆದಾಯದಲ್ಲಿ ದೊಡ್ಡ ಭಾಗವು ಗಂಧದ ಹರಾಜಿನಿಂದಲೇ ಬರುತ್ತಿತ್ತು. ಮರ ತನ್ನಷ್ಟಕ್ಕೆ ಬೆಳೆಯುತ್ತಿತ್ತು, ಕೊಳ್ಳುವವರು ತಾವಾಗಿಯೇ ಬರುತ್ತಿದ್ದರು, ಹಣ ಸಂದಾಯವಾಗುತ್ತಿತ್ತು. ಹೀಗೆ ಸುಗಮವಾಗಿ ನಡೆಯುವ ವ್ಯವಹಾರದಲ್ಲಿ ಪ್ರಶ್ನೆ ಹುಟ್ಟುವುದಾದರೂ ಹೇಗೆ?

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಜರ್ಮನಿ ಶತ್ರುರಾಷ್ಟ್ರವಾಯಿತು. ಸಾಮ್ರಾಜ್ಯಕ್ಕೆ ಅಧೀನವಾದ ದೇಶೀಯ ಸಂಸ್ಥಾನಗಳಿಗೂ ಆ ವ್ಯಾಪಾರ ನಿಷಿದ್ಧವಾಯಿತು. ಗಂಧದ ಮಾರುಕಟ್ಟೆ ಕುಸಿದುಬಿತ್ತು. ದೊಡ್ಡ ಗಿರಾಕಿಯೇ ಇಲ್ಲವೆಂದ ಮೇಲೆ ಹರಾಜಿನಲ್ಲಿ ಕೂಗುವವರು ಯಾರು? ಕೋಠಿಗಳಲ್ಲಿ ಮರ ರಾಶಿಬಿದ್ದಿತು. ತಪ್ಪೇನೂ ಮಾಡದ ಮೈಸೂರಿಗೆ, ಸಾವಿರಾರು ಹರದಾರಿ ಆಚೆಯ ಜಗಳದಿಂದ ಬೊಕ್ಕಸದ ಒಂದು ಕಿಂಡಿಯೇ ಮುಚ್ಚಿಹೋಯಿತು.

ಆಗ ಸಂಸ್ಥಾನದ ಅರಸರು ನಾಲ್ವಡಿ ಕೃಷ್ಣರಾಜ ಒಡೆಯರು; ೧೯೧೨ರಿಂದ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಎದುರಿಗಿದ್ದ ದಾರಿಗಳನ್ನು ಎಣಿಸಿದರೆ ಮೂರು. ಉಳಿದ ಕೆಲವೇ ಗಿರಾಕಿಗಳಿಗೆ ಬಂದ ಬೆಲೆಗೆ ಕೊಟ್ಟುಬಿಡುವುದು ಒಂದು. ಯುದ್ಧ ಮುಗಿಯುವವರೆಗೆ ಕಾಯುವುದು ಇನ್ನೊಂದು. ಗಂಧದ ಚೇಗು ಕೊಳೆಯುವ ವಸ್ತುವಲ್ಲ, ವರ್ಷಗಟ್ಟಲೆ ಇಟ್ಟರೂ ತನ್ನ ಎಣ್ಣೆಯನ್ನು ಕಾಪಾಡಿಕೊಂಡಿರುತ್ತದೆ. ಆದುದರಿಂದ ಕಾಯುವುದೂ ಅವಿವೇಕವೆನ್ನಿಸುತ್ತಿರಲಿಲ್ಲ. ಆದರೆ ಯುದ್ಧ ಎಂದು ಮುಗಿದೀತೆಂದು ಯಾರು ಬಲ್ಲರು? ಮೂರನೆಯ ದಾರಿಯನ್ನು ಕಾಣಬೇಕಾದರೆ ಕೋಠಿಯಲ್ಲಿ ಬಿದ್ದಿದ್ದ ರಾಶಿಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗಿತ್ತು.

ಜರ್ಮನಿಯವರು ಕೊಳ್ಳುತ್ತಿದ್ದುದು ಏನನ್ನು? ಮರವನ್ನು ಎಂದು ಅದುವರೆಗಿನ ಉತ್ತರ. ಆದರೆ ಅವರಿಗೆ ಮರ ಬೇಕಾಗಿರಲಿಲ್ಲ, ಎಣ್ಣೆ ಬೇಕಾಗಿತ್ತು. ಒಳ್ಳೆಯ ಚೇಗಿನಲ್ಲಿ ಇರುವ ಎಣ್ಣೆ ಸ್ಥೂಲವಾಗಿ ನೂರಕ್ಕೆ ಐದು ಪಾಲು. ಅಂದರೆ ಮಲೆನಾಡಿನಿಂದ ಗಾಡಿಯಲ್ಲಿ, ರೈಲಿನಲ್ಲಿ, ಹಡಗಿನಲ್ಲಿ ನೂರು ಮಣ ಮರವು ಯುರೋಪಿಗೆ ಹೋದರೆ, ಅದರಲ್ಲಿ ತೊಂಬತ್ತೈದು ಮಣ ಬರೀ ಕಟ್ಟಿಗೆ. ಆ ತೊಂಬತ್ತೈದು ಮಣಕ್ಕೂ ಸಾಗಣೆಯ ಖರ್ಚು ಬೀಳುತ್ತಿತ್ತು. ಆ ಖರ್ಚು ಮೇಲುನೋಟಕ್ಕೆ ಕೊಂಡವನದೆಂದು ಕಂಡರೂ, ಅದನ್ನು ಕಳೆದುಕೊಂಡೇ ಅವನು ಹರಾಜಿನಲ್ಲಿ ಬೆಲೆ ಕೂಗುತ್ತಿದ್ದನಾದುದರಿಂದ, ತೆತ್ತವರು ಕೊನೆಗೆ ಮೈಸೂರಿನವರೇ. ಐದು ಮಣವನ್ನು ಇಲ್ಲಿಯೇ ತೆಗೆದು ಡಬ್ಬಿಯಲ್ಲಿ ತುಂಬಿ ಕಳುಹಿಸಿದರೆ ಹಡಗಿನಲ್ಲಿ ಬೇಕಾಗುವ ಜಾಗವೂ ಇಪ್ಪತ್ತರಲ್ಲೊಂದು. ಯುದ್ಧಕಾಲದಲ್ಲಿ ಹಡಗಿನ ಜಾಗವೇ ದುರ್ಲಭವಾಗಿದ್ದಾಗ ಈ ಮಾತಿನ ತೂಕ ಇನ್ನೂ ಹೆಚ್ಚು. ಮತ್ತು ಎಣ್ಣೆಯನ್ನು ಕೊಳ್ಳುವವರು ಜರ್ಮನಿಯಲ್ಲಿ ಮಾತ್ರ ಇರಲಿಲ್ಲ, ಲಂಡನ್ನಿನಲ್ಲಿಯೂ ಇದ್ದರು. ಜರ್ಮನಿಯ ಎಣ್ಣೆ ನಿಂತುಹೋದ್ದರಿಂದ ಅವರೂ ಕಂಗಾಲಾಗಿದ್ದರು. ಮರಕ್ಕೆ ಗಿರಾಕಿ ಇಲ್ಲದ ಸಮಯವೇ ಎಣ್ಣೆಗೆ ಗಿರಾಕಿ ಕಾದಿದ್ದ ಸಮಯವೂ ಆಗಿತ್ತು.

ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು. ಆದರೆ ಇಷ್ಟು ಸರಳವಾದ ಲೆಕ್ಕವು ಅಷ್ಟು ಕಾಲ ಯಾರಿಗೂ ತೋಚಲಿಲ್ಲವೇಕೆ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅಂದಿನವರು ಬುದ್ಧಿಹೀನರಾಗಿರಲಿಲ್ಲ. ಗಂಧದಿಂದ ಎಣ್ಣೆ ತೆಗೆಯುವ ವಿದ್ಯೆಯೂ ಈ ದೇಶಕ್ಕೆ ಹೊಸದಲ್ಲ. ಉತ್ತರದ ಕನೌಜ್ ಪಟ್ಟಣದ ಅತ್ತರುಗಾರರು ತಾಮ್ರದ ಹಂಡೆಯಲ್ಲಿ ಬಟ್ಟಿಯಿಳಿಸಿ, ಗಂಧದೆಣ್ಣೆಯನ್ನೇ ಆಧಾರವಾಗಿರಿಸಿಕೊಂಡು ಅತ್ತರುಗಳನ್ನು ಮಾಡುತ್ತ ಬಂದಿದ್ದರು. ತೋಚದಿರುವುದಕ್ಕೆ ಕಾರಣ ಬೇರೆ. ಅರಣ್ಯಾಧಿಕಾರಿಯ ಕೆಲಸ ಮರ ತೆಗೆಸುವುದು. ಕೋಠಿಯವನ ಕೆಲಸ ತೂಗುವುದು. ಖಜಾನೆಯವನ ಕೆಲಸ ಹಣ ಎಣಿಸುವುದು. ಪ್ರತಿಯೊಬ್ಬನೂ ತನ್ನ ಮೇಜಿನ ಮೇಲಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುತ್ತಿದ್ದನು. ಹಡಗು ಹತ್ತಿದ ಮೇಲೆ ಮರಕ್ಕೆ ಏನಾಗುತ್ತದೆ ಎಂಬುದು ಯಾರ ಮೇಜಿಗೂ ಸೇರಿದ ವಿಷಯವಾಗಿರಲಿಲ್ಲ. ಹರಾಜು ತುಂಬಿದ ವರ್ಷದಲ್ಲಿ ಅದನ್ನು ಕೇಳಿದವನು ಅಧಿಕಪ್ರಸಂಗಿ ಎನ್ನಿಸಿಕೊಳ್ಳುತ್ತಿದ್ದನು. ಹರಾಜು ನಿಂತ ವರ್ಷದಲ್ಲಿ ಅದೇ ಮಾತು ರಾಜನೀತಿಯಾಯಿತು.

ಮೈಸೂರಿನ ಪುಣ್ಯವೆಂದರೆ ಪ್ರಶ್ನೆ ಹುಟ್ಟಿದಾಗ ಉತ್ತರ ಹುಡುಕಬಲ್ಲವರು ಹತ್ತಿರದಲ್ಲಿಯೇ ಇದ್ದುದು. ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರು ಇಂಥ ಸರಳ ಲೆಕ್ಕಗಳಲ್ಲಿ ಪಳಗಿದ ಕೈ. ಮೈಸೂರಿಗೆ ಬರುವ ಮುನ್ನ ಅವರು ಮದರಾಸಿನಲ್ಲಿದ್ದರು. ಮನೆಮನೆಯಲ್ಲಿ ಬಳಸುವ ಹಿತ್ತಾಳೆ ತಾಮ್ರದ ಭಾರವಾದ ಪಾತ್ರೆಗಳಿಗೆ ಬದಲಾಗಿ ಹಗುರವಾದ ಅಲ್ಯೂಮಿನಿಯಂ ಪಾತ್ರೆ ಏಕಾಗಬಾರದೆಂದು ೧೮೯೮ರಲ್ಲಿ ಅಲ್ಲಿನ ಕಲಾಶಾಲೆಯಲ್ಲಿಯೇ ಅದರ ತಯಾರಿಕೆಯನ್ನು ಆರಂಭಿಸಿ, ಅದೊಂದು ಉದ್ಯಮವಾಗಿ ನಿಲ್ಲುವಂತೆ ಮಾಡಿದ್ದರು. (ಇಂದು ಆ ಪಾತ್ರೆಗಳ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು, ಬಾವಿಯಿಂದ ನೀರು ಹೊರುತ್ತಿದ್ದ ಹೆಂಗಸರಿಗೆ ಆ ಹಗುರತನದ ಬೆಲೆ ತಿಳಿದಿತ್ತು.)

ಇನ್ನು ಪ್ರಯೋಗಶಾಲೆಯ ಮಾತು. ಜಮಶೇಟ್‌ಜಿ ಟಾಟಾ ಅವರ ಸಂಕಲ್ಪದಿಂದ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನಲ್ಲಿ ೩೭೧ ಎಕರೆ ಭೂಮಿಯನ್ನು ಕೊಟ್ಟದ್ದು ಮೈಸೂರು ಸಂಸ್ಥಾನವೇ. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಡ್‌ಬರೊ ಮತ್ತು ವಾಟ್ಸನ್ ಅವರು ಗಂಧದ ಪುಡಿಯ ಮೇಲೆ ಪ್ರಯೋಗಕ್ಕೆ ತೊಡಗಿದರು. ದಾನವಾಗಿ ಕೊಟ್ಟ ನೆಲವು ಕೆಲವೇ ವರ್ಷಗಳಲ್ಲಿ ಕೊಟ್ಟವರಿಗೇ ಹೀಗೆ ಫಲ ಕೊಟ್ಟಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಎಣ್ಣೆಯನ್ನು ಇಲ್ಲಿಯೇ ತೆಗೆಯಬೇಕು ಎಂದು ಹೇಳುವುದಕ್ಕೆ ಸಾಮಾನ್ಯಜ್ಞಾನ ಸಾಕು, ತೆಗೆಯುವುದಕ್ಕೆ ಸಾಲದು. ಗಂಧದೆಣ್ಣೆಯ ಮುಖ್ಯಾಂಶವಾದ ಸಾಂಟಲಾಲ್ ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕುದಿಯುವ ವಸ್ತು. ಅಷ್ಟು ಕಾಯಿಸಿದರೆ ಮರವೂ ಎಣ್ಣೆಯೂ ಸೀದುಹೋಗುತ್ತವೆ. ಆದರೆ ನೀರಿನ ಹಬೆಯನ್ನು ಗಂಧದ ಪುಡಿಯ ಮೂಲಕ ಹಾಯಿಸಿದರೆ, ನೂರು ಡಿಗ್ರಿಯ ಸುಮಾರಿನಲ್ಲಿಯೇ ಎಣ್ಣೆಯು ಹಬೆಯ ಜೊತೆಗೂಡಿ ಮೇಲೇಳುತ್ತದೆ. ತಣ್ಣೀರಿನ ಸುರುಳಿಯಲ್ಲಿ ಹಬೆಯನ್ನು ಆರಿಸಿದಾಗ ನೀರು ಮತ್ತು ಎಣ್ಣೆ ಬೇರೆಬೇರೆಯಾಗುತ್ತವೆ. ಎಣ್ಣೆ ನೀರಿಗಿಂತ ಕಿಂಚಿತ್ತೇ ಹಗುರವಾದ್ದರಿಂದ ನಿಧಾನವಾಗಿ ಮೇಲೆ ತೇಲುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಪುಡಿ ಎಷ್ಟು ನುಣ್ಣಗಿರಬೇಕು, ಹಬೆಯ ಒತ್ತಡ ಎಷ್ಟಿರಬೇಕು, ಎಷ್ಟು ಹೊತ್ತು ಹಾಯಿಸಬೇಕು, ಕೊನೆಯಲ್ಲಿ ಬರುವ ಎಣ್ಣೆಯನ್ನು ಮೊದಲಿನದರೊಡನೆ ಸೇರಿಸಬಹುದೇ ಎಂಬುದನ್ನೆಲ್ಲ ಮಾಡಿ ನೋಡಿಯೇ ಕಂಡುಕೊಳ್ಳಬೇಕು. ಮೇಲಾಗಿ, ಕೊಳ್ಳುವವರು ಹೆಸರನ್ನು ನಂಬುವುದಿಲ್ಲ. ಎಣ್ಣೆಯಲ್ಲಿ ಸಾಂಟಲಾಲ್ ನೂರಕ್ಕೆ ತೊಂಬತ್ತಾದರೂ ಇದೆಯೇ ಎಂದು ಪರೀಕ್ಷಿಸುತ್ತಾರೆ. ಆ ಪರೀಕ್ಷೆಯನ್ನು ಗಿರಾಕಿಗಿಂತ ಮೊದಲೇ ಮಾಡಿ ನೋಡುವ ಸೌಕರ್ಯ ಬೆಂಗಳೂರಿನಲ್ಲಿಯೇ ಇದ್ದದ್ದು ಮೈಸೂರಿನ ಎಣ್ಣೆಗೆ ಬಹುದೊಡ್ಡ ಬಲವಾಯಿತು.

೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಮೊದಲ ಕಾರ್ಖಾನೆ ಕೆಲಸ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೂ ಅದೇ. ಮರುವರ್ಷ, ೧೯೧೭ರಲ್ಲಿ, ಮೈಸೂರು ನಗರದಲ್ಲಿ ಎರಡನೆಯ ಕಾರ್ಖಾನೆ ತಲೆಯೆತ್ತಿತು. ಯುದ್ಧ ಆರಂಭವಾಗಿ ಎರಡೇ ವರ್ಷಗಳಲ್ಲಿ, ಹೊರದೇಶದಿಂದ ಯಂತ್ರ ತರಿಸುವುದೇ ದುಸ್ತರವಾಗಿದ್ದ ಕಾಲದಲ್ಲಿ ಇದು ಆದದ್ದು ಸಣ್ಣ ಸಂಗತಿಯಲ್ಲ. ಎಣ್ಣೆ ತೆಗೆದ ಮೇಲೆ ಉಳಿದ ಪುಡಿಯೂ ವ್ಯರ್ಥವಾಗಲಿಲ್ಲ. ಅದರಲ್ಲಿ ಉಳಿದ ಅಲ್ಪ ಪರಿಮಳವೇ ಊದುಬತ್ತಿಯವರಿಗೆ ಸಾಕಾಗುವಷ್ಟಿತ್ತು. ಹಡಗಿನಲ್ಲಿ ಹೋಗುತ್ತಿದ್ದ ತೊಂಬತ್ತೈದು ಮಣದ ‘ಬರೀ ಕಟ್ಟಿಗೆ’ಯೂ ಹೀಗೆ ನಾಡಿನೊಳಗೇ ಕೈಕೆಲಸಕ್ಕೆ ಒದಗಿತು. ಯುದ್ಧ ಮುಗಿದ ನಂತರ ಮೈಸೂರು ಹಳೆಯ ಪದ್ಧತಿಗೆ ಪೂರ್ತಿಯಾಗಿ ಮರಳಲಿಲ್ಲ. ಮಾರುವುದೆಂದರೆ ಮರವನ್ನಲ್ಲ, ಎಣ್ಣೆಯನ್ನು ಎಂಬುದು ಖಚಿತವಾಗಿತ್ತು. ಮುಂದೆ ೧೯೪೪ರಲ್ಲಿ ಶಿವಮೊಗ್ಗದಲ್ಲಿಯೂ ಒಂದು ಕಾರ್ಖಾನೆ ಬಂದಿತು.

ಎರಡನೆಯ ಸಲ ಈ ತಿಳಿವು ಕೆಲಸ ಮಾಡಿದ್ದು ಸೋಪಿನ ವಿಷಯದಲ್ಲಿ. ೧೯೧೮ರಲ್ಲಿ ಮಹಾರಾಜರಿಗೆ ವಿದೇಶೀ ಅತಿಥಿಗಳಿಂದ ಗಂಧದೆಣ್ಣೆಯ ಸೋಪು ಉಡುಗೊರೆಯಾಗಿ ಬಂದಿತೆಂಬುದು ಪ್ರಸಿದ್ಧವಾದ ಸಂಗತಿ. ಎಣ್ಣೆ ಹೊರಹೋಗಿ ಸೋಪಾಗಿ ಒಳಬರುವುದಾದರೆ, ಮರ ಹೊರಹೋಗಿ ಎಣ್ಣೆಯಾಗುತ್ತಿದ್ದ ಹಳೆಯ ಕಥೆಯೇ ಇನ್ನೊಂದು ಮಜಲಿನಲ್ಲಿ ನಡೆದಂತಾಯಿತು. ಒಮ್ಮೆ ಕೇಳಲು ಕಲಿತ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವುದು ಕಷ್ಟವಲ್ಲ. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನತಜ್ಞರನ್ನು ಸೋಪಿನ ವಿದ್ಯೆ ಕಲಿತುಬರಲೆಂದು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹಿಂದಿರುಗಿದ ಅವರ ಕೈಯಲ್ಲಿ ‘ಮೈಸೂರು ಸ್ಯಾಂಡಲ್’ ಸೋಪು ರೂಪುಗೊಂಡಿತು. ಶಾಸ್ತ್ರಿಗಳಿಗೆ ‘ಸೋಪ್ ಶಾಸ್ತ್ರಿ’ ಎಂಬ ಹೆಸರೇ ನಿಂತುಹೋಯಿತು. ಅಂದಿನ ಸೋಪುಗಳು ಸಾಧಾರಣವಾಗಿ ಚೌಕಾಕಾರದವು, ಇದಕ್ಕೆ ಅಂಡಾಕಾರ. ಒಡವೆಯ ಪೆಟ್ಟಿಗೆಯನ್ನು ಹೋಲುವ ಡಬ್ಬಿ, ಮೇಲೆ ಸಿಂಹದ ದೇಹಕ್ಕೆ ಆನೆಯ ತಲೆಯಿರುವ ಶರಭದ ಲಾಂಛನ. ಗಂಧವು ಈ ನಾಡಿನವರಿಗೆ ಬೆಲೆಬಾಳುವ ವಸ್ತು, ಒಡವೆಯಂತೆ ಎತ್ತಿಡುವ ವಸ್ತು ಎಂಬುದನ್ನು ಅರಿತವರು ಮಾಡಿದ ಡಬ್ಬಿ ಅದು. ೧೯೮೦ರಲ್ಲಿ ಈ ಸೋಪು ಮತ್ತು ಎಣ್ಣೆಯ ಘಟಕಗಳೆಲ್ಲ ಒಂದಾಗಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಸರ್ಕಾರಿ ಸಂಸ್ಥೆಯಾಯಿತು.

ಸಾಮಾನ್ಯವಾಗಿ ಈ ಕಥೆಯನ್ನು ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸುವುದು ಹಿತಕರವೂ ಹೌದು. ಆದರೆ ಇದೇ ಲೆಕ್ಕದಲ್ಲಿ ಒಂದು ಸಾಲು ಮೊದಲಿನಿಂದಲೂ ಖಾಲಿಯಾಗಿಯೇ ಉಳಿದಿತ್ತು. ಎಣ್ಣೆಗೆ ಮರ ಬೇಕು; ಮರ ಎಲ್ಲಿಂದ ಬರಬೇಕು?

ಗಂಧದ ಮರ ಹುಟ್ಟುವ ರೀತಿಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಗಂಧದ ಕಪ್ಪಾದ ಸಣ್ಣ ಹಣ್ಣುಗಳನ್ನು ಹಕ್ಕಿಗಳು ತಿಂದು, ಪೊದೆಗಳಲ್ಲಿ, ಬೇಲಿಸಾಲಿನಲ್ಲಿ ಕುಳಿತಾಗ ಬೀಜವನ್ನು ಅಲ್ಲಿ ಉದುರಿಸುತ್ತವೆ. ಬೇಲಿಯ ಗಿಡಗಳ ನೆರಳಿನಲ್ಲಿ ಸಸಿ ಏಳುತ್ತದೆ. ಆ ನೆರಳಷ್ಟೇ ಅಲ್ಲ, ಬೇಲಿಯ ಗಿಡಗಳ ಬೇರೂ ಅದಕ್ಕೆ ಬೇಕು. ಗಂಧವು ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ಆಹಾರದ ಒಂದಂಶವನ್ನು ಹೀರಿಕೊಳ್ಳುವ ಮರ. ಇದನ್ನು ೧೮೭೧ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ ಗುರುತಿಸಿದನು. ಹಾಗಾಗಿ ಸಾಲಾಗಿ, ಒಂಟಿಯಾಗಿ ನೆಟ್ಟ ಗಂಧ ಸೊರಗುತ್ತದೆ. ಹೊಲದ ಬದುವಿನ ಬೇಲಿಯಲ್ಲಿ ಯಾರೂ ನೆಡದ ಗಂಧ ಸೊಂಪಾಗಿ ಬೆಳೆಯುತ್ತದೆ. ಬೇಲಿ ಯಾರದು? ರೈತನದು. ಬೇಲಿಯೊಳಗಿನ ಮರ ಯಾರದು? ೧೭೯೨ರ ಕಟ್ಟಳೆಯ ಪ್ರಕಾರ ಸರ್ಕಾರದ್ದು.

ಈಗ ಆ ರೈತನ ಸ್ಥಾನದಲ್ಲಿ ನಿಂತು ಲೆಕ್ಕ ಹಾಕಬೇಕು. ಮರವು ಅವನ ನೆಲದ ಸಾರವನ್ನು ಹೀರುತ್ತದೆ, ಅವನ ಬೇಲಿಯ ಗಿಡಗಳಿಂದಲೂ ಪಾಲು ಪಡೆಯುತ್ತದೆ. ಮೂವತ್ತು ನಲವತ್ತು ವರ್ಷ ಕಾದರೂ ಅದು ಅವನದಾಗುವುದಿಲ್ಲ. ಸರ್ಕಾರ ಏನಾದರೂ ಒಂದಂಶ ಕೊಟ್ಟರೆ ಕೊಟ್ಟಷ್ಟು. ರಾತ್ರಿಯಲ್ಲಿ ಕಳ್ಳರು ಕಡಿದೊಯ್ದರೆ ಮೊದಲ ವಿಚಾರಣೆ ಅವನದೇ. ಲಾಭದಲ್ಲಿ ಪಾಲಿಲ್ಲದೆ ಹೊಣೆಯಲ್ಲಿ ಮಾತ್ರ ಪಾಲಿರುವ ಸಹಭಾಗಿತ್ವವನ್ನು ಯಾವ ವ್ಯಾಪಾರಿ ಒಪ್ಪುತ್ತಾನೆ? ರೈತನೂ ಒಪ್ಪಲಿಲ್ಲ. ಅವನು ಅರ್ಜಿ ಬರೆಯಲಿಲ್ಲ, ದಂಗೆಯೇಳಲಿಲ್ಲ. ಎರಡೆಲೆಯ ಸಸಿ ಕಂಡಾಗ ಕಳೆ ಕೀಳುವಂತೆ ಕಿತ್ತೆಸೆದನು. ಅದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಕೋಠಿಗೆ ಬಂದ ಮರವನ್ನು ತೂಗುವ ತಕ್ಕಡಿಯಿತ್ತು, ಹುಟ್ಟುವ ಮೊದಲೇ ಹೋದ ಮರವನ್ನು ತೂಗುವ ತಕ್ಕಡಿ ಎಲ್ಲಿತ್ತು? ನೂರಕ್ಕೆ ಐದರ ಲೆಕ್ಕವನ್ನು ಅಷ್ಟು ನಿರ್ಮಲವಾಗಿ ಕಂಡ ಆಡಳಿತಕ್ಕೆ ಈ ಲೆಕ್ಕ ಕಾಣಲಿಲ್ಲವೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ವಿಚಿತ್ರವೇನಿಲ್ಲ. ಮರ ಬರುತ್ತಲೇ ಇತ್ತು, ಕಾರ್ಖಾನೆ ನಡೆಯುತ್ತಲೇ ಇತ್ತು. ಹರಾಜು ತುಂಬಿದ ವರ್ಷಗಳಲ್ಲಿ ಎಣ್ಣೆಯ ಪ್ರಶ್ನೆ ಹೇಗೆ ಏಳಲಿಲ್ಲವೋ ಇದೂ ಹಾಗೆಯೇ.

ಫಲ ನಿಧಾನವಾಗಿ, ಆದರೆ ತಪ್ಪದೆ ಬಂದಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ದಶಕಗಳಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು ೪,೦೦೦ ಟನ್ ಗಂಧದ ಚೇಗು ದೊರೆಯುತ್ತಿತ್ತೆಂದು ಅಂದಾಜು. ಶತಮಾನದ ಕೊನೆಯ ಹೊತ್ತಿಗೆ ಅದು ಹತ್ತರಲ್ಲೊಂದು ಭಾಗಕ್ಕೆ ಇಳಿದಿತ್ತು. ಎಲೆಗಳನ್ನು ಮೊಂಡಾಗಿಸಿ ಮರವನ್ನೇ ಕೊಲ್ಲುವ ಸ್ಪೈಕ್ ರೋಗವೂ, ಕಾಡುಕಿಚ್ಚೂ ಇದಕ್ಕೆ ಕಾರಣವಾದವು. ಕಳ್ಳಸಾಗಣೆಯಂತೂ ಮಲೆಮಹದೇಶ್ವರ ಬೆಟ್ಟದ ಸೀಮೆಯನ್ನು ದಶಕಗಳ ಕಾಲ ಭಯದಲ್ಲಿ ಇರಿಸಿತು; ೨೦೦೪ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾಗುವವರೆಗೆ ಎಷ್ಟು ಅರಣ್ಯ ಸಿಬ್ಬಂದಿ, ಎಷ್ಟು ಪೊಲೀಸರು ಪ್ರಾಣ ತೆತ್ತರು ಎಂಬುದು ನಾಡಿಗೆ ತಿಳಿದಿದೆ. ಆದರೆ ಕಳ್ಳನನ್ನು ಹಿಡಿಯುವುದು ಇದ್ದ ಮರವನ್ನು ಉಳಿಸಬಲ್ಲದೇ ಹೊರತು ಇಲ್ಲದ ಮರವನ್ನು ಬೆಳೆಸಲಾರದು. ೧೯೯೮ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಗಂಧದ ಗುಡಿ ಎಂದು ಹೆಮ್ಮೆಪಡುವ ನಾಡಿನಲ್ಲಿ ಎಣ್ಣೆಯ ಕಾರ್ಖಾನೆಗಳಿಗೆ ಸಾಕಷ್ಟು ಮರವೇ ಸಿಗದಂತಾಯಿತು. ಅದೇ ವರ್ಷಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುನನರಾ ಎಂಬಲ್ಲಿ, ಆರ್ಡ್ ನದಿಯ ನೀರಾವರಿಯಲ್ಲಿ, ಇದೇ ಭಾರತೀಯ ಶ್ರೀಗಂಧದ ತೋಟಗಳು ಸಾವಿರಾರು ಎಕರೆಗೆ ಹಬ್ಬತೊಡಗಿದ್ದವು. ಅಲ್ಲಿ ನೆಟ್ಟವನ ಮರ ನೆಟ್ಟವನದಾಗಿತ್ತು.

೨೦೦೧ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ತನ್ನ ಜಮೀನಿನಲ್ಲಿರುವ ಗಂಧದ ಮರಕ್ಕೆ ರೈತನೇ ಒಡೆಯನೆಂದು ವಿಧಿಸಲಾಯಿತು. ಮರುವರ್ಷ ತಮಿಳುನಾಡೂ ಅದೇ ಮಾರ್ಗ ಹಿಡಿಯಿತು. ೧೭೯೨ರಿಂದ ಎಣಿಸಿದರೆ ಇನ್ನೂರ ಒಂಬತ್ತು ವರ್ಷ. ಮಾರಾಟದ ಮೇಲಿನ ನಿರ್ಬಂಧಗಳು ಒಮ್ಮೆಗೇ ಹೋಗಲಿಲ್ಲ. ಬೆಳೆದವನು ಸರ್ಕಾರಕ್ಕೋ ಸರ್ಕಾರಿ ಸಂಸ್ಥೆಗೋ ಮಾರಬೇಕೆಂಬ ನಿಯಮ ಉಳಿದೇ ಇತ್ತು. ಆದರೂ ಒಡೆತನದ ಆ ಒಂದು ವಾಕ್ಯದಿಂದ ಬೇಲಿಯ ಸಸಿಗೆ ಬೇರೆಯೇ ಅದೃಷ್ಟ ತೆರೆಯಿತು. ಕಿತ್ತೆಸೆಯುತ್ತಿದ್ದ ಕೈಗಳೇ ನರ್ಸರಿಯ ಮುಂದೆ ಸಸಿಗಾಗಿ ಚಾಚಿದವು. ಬಯಲುಸೀಮೆಯ ಹೊಲಗಳಲ್ಲಿಯೂ ಗಂಧ ಕಾಣಿಸಿಕೊಂಡಿತು. ಕುಂಡದಲ್ಲಿ ಸಸಿಯ ಪಕ್ಕಕ್ಕೇ ತೊಗರಿಯ ಕಾಳೊಂದನ್ನು ಊರಿ, ಗಂಧದ ಬೇರಿಗೆ ಆಸರೆಯ ಬೇರನ್ನು ಒದಗಿಸುವ ಕ್ರಮವನ್ನು ರೈತರು ಬೇಗನೆ ಕಲಿತರು. ಹೊಲಕ್ಕೆ ಹೋದ ಮೇಲೆ ಹೊಂಗೆ, ಸರ್ವೆ, ಜಾಲಿ ಮುಂತಾದವನ್ನು ನಡುನಡುವೆ ನೆಡುತ್ತಾರೆ.

ಹೊಸ ಸಂಕಟವೂ ಇದೆ. ತೋಟದ ನಡುವೆ ಚೇಗು ಕಟ್ಟಿದ ಮರವೆಂದರೆ ಬಯಲಿನಲ್ಲಿ ಇಟ್ಟ ಚಿನ್ನ. ತಂತಿಬೇಲಿ, ಕಾವಲುನಾಯಿ, ರಾತ್ರಿಯ ಪಹರೆ, ಈಚೆಗೆ ಕ್ಯಾಮೆರಾ ಎಂದು ಕಾಯುವ ಖರ್ಚು ಬೆಳೆಯುತ್ತ ಹೋಗುತ್ತದೆ. ಎರಡು ಮೂರು ಎಕರೆಯ ರೈತನಿಗೆ ಅದು ಸುಲಭದ ಮಾತಲ್ಲ. ಅವಸರಕ್ಕೆ ಬಿದ್ದು ಎಳೆಯ ಮರವನ್ನು ಕಡಿದವರಿಗೆ ದೊರೆಯುವುದು ಬಹುಪಾಲು ನಿರ್ಗಂಧವಾದ ಬಿಳಿಯ ಮರ. ತಿದ್ದುಪಡಿಯಾದ ಹೊಸದರಲ್ಲಿ ನೆಟ್ಟ ಸಸಿಗಳು ಈಗ ಇಪ್ಪತ್ತು ವರ್ಷ ದಾಟಿವೆ. ಅವುಗಳಲ್ಲಿ ಎಣ್ಣೆ ಎಷ್ಟು ಕಟ್ಟಿದೆ ಎಂದು ತಿಳಿಯಲು ಮರವನ್ನು ಕಡಿಯಬೇಕಾಗಿಲ್ಲ. ಟೊಳ್ಳಾದ ಸಣ್ಣ ಬೈರಿಗೆಯನ್ನು ಕಾಂಡಕ್ಕೆ ತಿರುಗಿಸಿ, ಪೆನ್ಸಿಲಿಗಿಂತ ತೆಳುವಾದ ಒಂದು ಕಡ್ಡಿಯನ್ನು ಹೊರತೆಗೆಯುತ್ತಾರೆ. ಕಡ್ಡಿಯ ಹೊರತುದಿ ಬಿಳಿ, ಒಳತುದಿ ಕಂದು. ಬಿಳಿ ಎಲ್ಲಿ ಮುಗಿದು ಕಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅಳೆದು, ಕಾಂಡದ ರಂಧ್ರವನ್ನು ಮುಚ್ಚಿ, ಇನ್ನೂ ಎಷ್ಟು ವರ್ಷ ಕಾಯಬೇಕೆಂದು ಬೆಳೆದವನೇ ತೀರ್ಮಾನಿಸುತ್ತಾನೆ.